ಮುಖ ನೋಡದ ಭಾವ

ನಮ್ಮ ಭಾವನಿಗೆ ನನ್ನ ಮುಖದ ಗುರುತಿಲ್ಲ!

ಅಕ್ಕನನ್ನು ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಹಬ್ಬಹುಣ್ಣಿಮೆಗಳಲ್ಲಿ ಎದುರಾಬದುರಾ ಕೂತು ಉಂಡಿದ್ದೇವೆ. ಆದರೂ ನಾಳೆ ನಾನೇನಾದರೂ ಕಾಣೆಯಾಗಿ, ಪೊಲೀಸರು ನಾಲ್ಕು ಫೋಟೋ ಮುಂದಿಟ್ಟು "ಇದರಲ್ಲಿ ನಿಮ್ಮ ಭಾವಮೈದುನ ಯಾರು?" ಎಂದು ಕೇಳಿದರೆ ಭಾವ ಖಂಡಿತ ತಡವರಿಸುತ್ತಾರೆ. (ಕಾಣೆಯಾಗುವ ಯೋಚನೆ ನನಗೇಕೆ ಬಂತು ಎಂದು ಕೇಳಬೇಡಿ. ದಿನಕ್ಕೊಂದಾದರೂ ಇಂಥ ಯೋಚನೆ ಬರದಿದ್ದರೆ ನನಗೆ ಊಟ ಸೇರುವುದಿಲ್ಲ.) ಅದೇ ಪೊಲೀಸರು ನಾಲ್ಕು ಜೊತೆ ಹಳೇ ಚಪ್ಪಲಿ ತಂದು ಸುರಿಯಲಿ, ನೋಡಿ! ರೆಪ್ಪೆ ಮಿಟುಕಿಸುವುದರೊಳಗೆ ನನ್ನದನ್ನು ಎತ್ತಿ ಹಿಡಿದು, "ಇದು ನಮ್ಮ ಮೇಷ್ಟ್ರದ್ದು. ಬಲಗಡೇದು ಹಿಮ್ಮಡಿ ಹೊರಮಗ್ಗಲಿಗೆ ಸವದೈತೆ ನೋಡ್ರಿ. ಪಾದ ಆಚೆ ತಿರುಗಿಸ್ಕೊಂಡು ಬಾತುಕೋಳಿ ನಡೆದಂಗೆ ನಡೀತಾನೆ" ಎನ್ನುತ್ತಾರೆ. ನಾನು ಸಿಗುವುದು ಬಿಡುವುದು ಆಮೇಲಿನ ಮಾತು, ಮಾನವಂತೂ ಸ್ಟೇಷನ್ನಿನಲ್ಲೇ ಹೋಗಿರುತ್ತದೆ.

ಭಾವನ ಕಸುಬೇ ಅಂಥದ್ದು. ಹೊನ್ನಾಳಿಯಲ್ಲಿ, ನಾಲ್ಕು ಕಲ್ಲು ಮೆಟ್ಟಿಲು ಹತ್ತಿ ಹೋಗುವ ಒಂದು ಸಣ್ಣ ಅಂಗಡಿಯಲ್ಲಿ, ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರಿಗೆ ಅವರು ಕೃತಕ ಕಾಲು ಕೂರಿಸುತ್ತಾರೆ. ಉಳಿದ ಕಾಲು ಇಳಿದು ಕೂರಲು ಮೇಲೊಂದು ಬಟ್ಟಲು, ಅದರ ಕೆಳಗೆ ಒಂದು ಪೈಪು, ತುದಿಗೆ ರಬ್ಬರಿನ ಪಾದ. ಇಷ್ಟೇ. "ಕಾಲು ಮಾಡಾದು ಏನೂ ದೊಡ್ಡದಲ್ಲ, ಅದನ್ನ ಆ ಮನುಷ್ಯನ ನಡಿಗೆಗೆ ಹೊಂದಿಸಾದು ದೊಡ್ಡದು" ಎನ್ನುತ್ತಾರೆ. ಪೈಪು ಸೇರುವಲ್ಲಿ ಸುತ್ತ ನಾಲ್ಕು ಪುಟ್ಟ ಸ್ಕ್ರೂಗಳಿವೆ. ಒಂದನ್ನು ಕಾಲು ಸುತ್ತು ಸಡಿಲಿಸಿ ಎದುರಿನದನ್ನು ಕಾಲು ಸುತ್ತು ಬಿಗಿದರೆ ಸಾಕು, ಮುಗ್ಗರಿಸುತ್ತಿದ್ದವನು ನೆಟ್ಟಗೆ ನಿಲ್ಲುತ್ತಾನೆ, ನೆಟ್ಟಗೆ ನಿಂತವನು ಮುಗ್ಗರಿಸುತ್ತಾನೆ. ಆ ಸ್ಕ್ರೂ ತಿರುಗಿಸುವ ಬಗ್ಗಿದ ಕಡ್ಡಿಯಂಥ ಅಲೆನ್ ಕೀ ಇದೆಯಲ್ಲ, ಅದನ್ನು ಭಾವ ಎಲ್ಲಿಡುತ್ತಾರೆ ಗೊತ್ತೇ? ಉಡಿದಾರದಲ್ಲಿ! ಕೆಲಸ ಬಿದ್ದಾಗಲೆಲ್ಲ, ಮುಂದೆ ಯಾರಿದ್ದಾರೆ ಏನು ಎಂದು ನೋಡದೆ ಅಂಗಿ ಎತ್ತುವುದು, ಕೀ ಬಿಚ್ಚುವುದು, ತಿರುಗಿಸುವುದು, ಮತ್ತೆ ಉಡಿದಾರಕ್ಕೆ ಸಿಕ್ಕಿಸುವುದು. ನಮ್ಮಕ್ಕ ಬುದ್ಧಿ ಹೇಳಿ ಹೇಳಿ ಸೋತಿದ್ದಾಳೆ.

ಅಕ್ಕನನ್ನು ನೋಡಲು ಬಂದ ದಿನದ ಕಥೆ ನಮ್ಮ ಮನೆಯಲ್ಲಿ ಇವತ್ತಿಗೂ ನಗೆಯ ಸಾಮಗ್ರಿ. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯಿಂದ ಪಡಸಾಲೆಗೆ ಬಂದಳು, ಹೋದಳು, ನೀರು ತಂದಳು, ಮತ್ತೆ ಹೋದಳು. ಹುಡುಗ ಒಂದು ಸಲವಾದರೂ ತಲೆ ಎತ್ತಬೇಕಲ್ಲ! ನಮ್ಮಜ್ಜಿಗೆ ಕಣ್ಣು ತುಂಬಿ ಬಂತು. "ಈ ಕಾಲದಾಗೆ ಇಂಥ ಹುಡುಗ ಎಲ್ಲಿ ಸಿಗ್ತಾನ್ರಿ? ಹೆಣ್ಣಿನ ಮುಖ ತಲೆ ಎತ್ತಿ ನೋಡಲಿಲ್ಲ!" ಎಂದು ಅಲ್ಲೇ ಮದುವೆ ಗೊತ್ತು ಮಾಡಿಬಿಟ್ಟಳು. ಆ ಮಹಾನುಭಾವ ಅಷ್ಟೂ ಹೊತ್ತು ಅಕ್ಕನ ಹಿಮ್ಮಡಿ ಲೆಕ್ಕ ಹಾಕುತ್ತಿದ್ದರು ಎಂಬುದು ಅಜ್ಜಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

"ಎರಡೂ ಕಾಲಿಗೆ ಸಮ ಭಾರ ಹಾಕಿ ನಡಿಯೋರು ಸಾವಿರಕ್ಕೊಬ್ಬರು. ನಿಮ್ಮಕ್ಕ ಅಂಥೋಳು" ಎಂದು ಭಾವ ಒಮ್ಮೆ ನನ್ನ ಮುಂದೆ ಮನಸಾರೆ ಹೊಗಳಿದರು.

"ಹೂಂ. ನನ್ನ ಮುಖ ಇವರು ಮೊದಲು ನೋಡಿದ್ದು ರೇಷನ್ ಕಾರ್ಡಿನ ಫೋಟೋದಾಗೆ" ಎಂದಳು ಅಕ್ಕ, ಒಳಗಿನಿಂದಲೇ.

ಇಂಥವರನ್ನು ಕರೆದುಕೊಂಡು ಮದುವೆಗೆ ಹೋಗುವುದೆಂದರೆ ನನಗೆ ಒಂದು ವಾರ ಮೊದಲೇ ಎದೆ ಡವಡವ. ನ್ಯಾಮತಿಯಲ್ಲಿ ಸ್ನೇಹಿತರೊಬ್ಬರ ಮಗಳ ಮದುವೆ. ಎಲ್ಲರೂ ಊಟದ ಪಂಕ್ತಿಗೆ ನುಗ್ಗಿದರೆ ಭಾವ ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಮಗುಚಿ ನೋಡುತ್ತಿದ್ದಾರೆ! ನೋಡಿದವರು ಸುಮ್ಮನಿರುತ್ತಾರೆಯೇ? ಇಬ್ಬರು ಬಂದು ತೋಳು ಹಿಡಿದರು. "ಏನ್ರೀ ಯಜಮಾನ್ರೆ, ವಯಸ್ಸಾಗೈತೆ, ಚಪ್ಪಲಿ ಕದಿಯಾಕೆ ನಾಚಿಕೆ ಆಗಲ್ವೇನ್ರಿ?"

ಭಾವ ಕೈಯಲ್ಲಿದ್ದ ಎಡಗಾಲಿನ ಚಪ್ಪಲಿಯನ್ನು ಬಿಡಲೇ ಇಲ್ಲ. "ಅದಿರಲಿ, ಇದು ಯಾರದ್ದು? ಈ ಮನುಷ್ಯಂಗೆ ಸೊಂಟ ಹಿಡಿದು ಆರು ತಿಂಗಳಾದರೂ ಆಗೈತೆ. ಕರೀರಿ ಅವರನ್ನ."

ಕರೆದರು. ಬಂದವರು ಹೆಣ್ಣಿನ ಸೋದರಮಾವ. ಸೊಂಟದ ಮೇಲೆ ಕೈಯಿಟ್ಟುಕೊಂಡೇ ಬಂದರು! ಆಮೇಲೇನು, ಕಳ್ಳನೆಂದು ಹಿಡಿದವರೇ ತಮ್ಮ ತಮ್ಮ ಚಪ್ಪಲಿ ಹಿಡಿದು ಸಾಲಾಗಿ ನಿಂತರು. ನಾನು ಈ ಅವಮಾನವನ್ನೆಲ್ಲ ಪಂಕ್ತಿಯಿಂದಲೇ ನೋಡುತ್ತ, ಗಾಬರಿಯಲ್ಲಿ ಗಂಟಲಿಗೆ ಏನೂ ಇಳಿಯದೆ, ನಾಲ್ಕೇ ನಾಲ್ಕು ಹೋಳಿಗೆ ತಿಂದು ಎದ್ದೆ.

ಹಾಗೆಂದು ಭಾವ ಎಡವಿದ್ದೇ ಇಲ್ಲ ಎಂದುಕೊಳ್ಳಬೇಡಿ. ಜಗಳೂರಿನ ಕಡೆಯ ಬಿಳಿಚೋಡಿನಿಂದ ಕುರಿ ಕಾಯುವ ಒಬ್ಬರು ಬಂದಿದ್ದರು. ಭಾವ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಗಾರೆಯವರು ಗೋಡೆ ನೋಡುವ ಹಾಗೆ ನೋಡಿ, ಕಾಲು ಕೂರಿಸಿ ಕಳಿಸಿದರು. ಅಂಗಡಿಯ ಟೈಲ್ಸಿನ ಮೇಲೆ ಆ ಮನುಷ್ಯ ನಡೆದದ್ದು ನೋಡಿದರೆ ದೃಷ್ಟಿ ತೆಗೆಯಬೇಕು, ಹಾಗಿತ್ತು. ಹದಿನೈದು ದಿನಕ್ಕೆ ವಾಪಸ್ ಬಂದರು.

"ಡಾಕ್ಟ್ರೆ, ಕಾಲು ಬಾಳ ಚೆನ್ನಾಗೈತೆ. ನಿಮ್ಮ ಅಂಗಡೀಲಿ ಬಾಳ ಚೆನ್ನಾಗಿ ನಡೀತೈತೆ."

"ಮತ್ತೇನು?"

"ನಮ್ಮ ಕುರಿ ಅಂಗಡಿಗೆ ಬರಲ್ವಲ್ಲ!"

ಭಾವ ಆ ಮಾತಿಗೆ ಎರಡು ದಿನ ಊಟ ಬಿಟ್ಟಷ್ಟು ನಾಚಿಕೊಂಡರು. ಮೂರನೇ ದಿನ ಬೈಕು ಹತ್ತಿ ಬಿಳಿಚೋಡಿಗೆ ಹೋಗಿ, ಇಡೀ ದಿನ ಕುರಿಗಳ ಹಿಂದೆ, ಆ ಮನುಷ್ಯನ ಹಿಂದೆ, ಕಲ್ಲುನೆಲದಲ್ಲಿ ಸುತ್ತಿ, ಹತ್ತು ಹೆಜ್ಜೆಗೊಮ್ಮೆ ಅಂಗಿ ಎತ್ತಿ ಸ್ಕ್ರೂ ತಿರುಗಿಸಿ ಬಂದರು. ಬಂದವರ ಮೈಯೆಲ್ಲ ಮುಳ್ಳು, ಕುರಿಯ ವಾಸನೆ. ಅಕ್ಕ ಹಿತ್ತಲ ಬಾಗಿಲಲ್ಲೇ ತಡೆದು, ಎರಡು ಹಂಡೆ ನೀರು ಸುರಿದ ಮೇಲೆ ಒಳಗೆ ಬಿಟ್ಟಳಂತೆ. ಅವತ್ತಿನಿಂದ ಇವರದೊಂದು ನೇಮ: ಕಾಲು ನಡೆಯುವುದು ಯಾವ ನೆಲದ ಮೇಲೋ, ಅದನ್ನು ಹೊಂದಿಸುವುದೂ ಆ ನೆಲದ ಮೇಲೇ. ಒಂದು ವಾರ ಜಗಳೂರಿನ ಹೊಲ, ಒಂದು ವಾರ ನ್ಯಾಮತಿಯ ಸಂತೆ ಬೀದಿ, ಒಂದು ವಾರ ಯಾರದೋ ಹಟ್ಟಿಯ ಅಂಗಳ. ಚನ್ನಗಿರಿಯಲ್ಲಿ ಒಬ್ಬ ಅಜ್ಜಿಗೆ ಅಡುಗೆಮನೆಯಲ್ಲೇ ಹೊಂದಿಸಿ, ಆಕೆ ಒಲೆಯಿಂದ ನೀರಿನ ಮೂಲೆಗೆ ಹೋಗಿ ಬರುವುದನ್ನು ನೋಡುತ್ತ ಕೂತು, ಮೂರು ರೊಟ್ಟಿ ತಿಂದು ಬಂದಿದ್ದಾರೆ.

ಭಾವನ ಕಣ್ಣಿಗಿಂತ ಕಿವಿ ಇನ್ನೂ ಚುರುಕು. ಅಂಗಡಿಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ, ತಲೆ ಬಗ್ಗಿಸಿ ಕೆಲಸ ಮಾಡುತ್ತಲೇ ಯಾರೆಂದು ಹೇಳುತ್ತಾರೆ. ನಾನು ಚನ್ನಗಿರಿಯಿಂದ ಬಂದು ಬಸ್ಸಿಳಿದು ಎರಡನೇ ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಒಳಗಿನಿಂದ ಕೂಗು: "ಬಾ ಮೇಷ್ಟ್ರೇ!" ತಲೆ ಎತ್ತುವ ಆಸಾಮಿಯಲ್ಲ. ಚಹಾ ಕುಡಿದು, ಮಾತಾಡಿ, ಎದ್ದು ಬಂದರೂ ನನ್ನ ಮುಖದ ಕಡೆಗೆ ದೃಷ್ಟಿಯಿಲ್ಲ. ಮೀಸೆ ಬೋಳಿಸಿಕೊಂಡು ಹೋದಾಗಲೂ ಗೊತ್ತಾಗಲಿಲ್ಲ!

ಹೀಗೆ ಒಂದು ದಿನ ಹೋದಾಗ, "ಬಾ ಮೇಷ್ಟ್ರೇ" ಎಂದವರು ಕೈಲಿದ್ದ ಕೆಲಸ ನಿಲ್ಲಿಸಿದರು.

"ನಿನ್ನ ಬಲಗಾಲು ತಪ್ ಅಂತ ಬೀಳ್ತಾ ಐತೆ. ನೆಲ ಮುಟ್ಟಿದ್ದು ಅದಕ್ಕೇ ಗೊತ್ತಾಗ್ತಿಲ್ಲ. ಶುಗರ್ ಚೆಕ್ ಮಾಡಿಸು, ಅಂಗಾಲು ದಿನಾ ನೋಡ್ಕೋ."

ನಾನು ನಕ್ಕುಬಿಟ್ಟೆ. "ಭಾವ, ನನಗೆ ಈಗಾಗಲೇ ಚಿಂತೆ ತುಂಬಿ ಹೋಗಿದೆ, ಇನ್ನೊಂದಕ್ಕೆ ಜಾಗ ಇಲ್ಲ" ಎಂದೆ.

ನಿಜವಾಗಿಯೂ ಇರಲಿಲ್ಲ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ತೆಂಗಿನ ಮರದ ಕೆಳಗೆ ಹೋದರೆ ಕಾಯಿಯ ಚಿಂತೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿದವನು ನಾನು. ಮರಳಿ ನೋಡಿದರೆ ಒಲೆಯೂ ಆರಿರುತ್ತಿತ್ತು, ಬಸ್ಸೂ ಹೋಗಿರುತ್ತಿತ್ತು. ಇಷ್ಟು ಚಿಂತೆ ಮಾಡಿದವನು ಬದುಕಿನಲ್ಲಿ ಚಿಂತಿಸದೆ ಬಿಟ್ಟದ್ದು ಒಂದೇ ಒಂದನ್ನು. ಬಲಗಾಲಿನ ಅಂಗಾಲಿನಲ್ಲಿ ಎದ್ದ, ನೋವೇ ಇಲ್ಲದ ಒಂದು ಸಣ್ಣ ಗುಳ್ಳೆಯನ್ನು.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಗುಳ್ಳೆ ಹುಣ್ಣಾಯಿತು, ಹುಣ್ಣು ಮೇಲೆ ಹತ್ತಿತು, ದಾವಣಗೆರೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಜೀವ ಉಳಿಯಿತು.

ಗಾಯ ಮಾಗಿದ ಮೇಲೆ ಕಂಕುಳ ಕೋಲು ಹಿಡಿದು, ಹೆಂಡತಿಯ ಹೆಗಲು ಹಿಡಿದು, ಮೊದಲ ಸಲ ಹೊನ್ನಾಳಿಯ ಆ ನಾಲ್ಕು ಮೆಟ್ಟಿಲು ಹತ್ತಿದೆ. ಒಂದನೇ ಮೆಟ್ಟಿಲು. ಎರಡನೇದು. ಕೂಗು ಬರಲಿಲ್ಲ. ಮೂರು. ನಾಲ್ಕು. ಒಳಗಿನಿಂದ ಭಾವ ಕೇಳಿದರು: "ಯಾರು?"

ಕೇಳಿ ತಲೆ ಎತ್ತಿದರು. ಎತ್ತಿ ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನೆಟ್ಟಗೆ, ಬಹಳ ಹೊತ್ತು. ಆಪರೇಷನ್ ದಿನ ಕೂಡ ನಾನು ಅಷ್ಟು ಹೆದರಿರಲಿಲ್ಲ.

ಎಷ್ಟಾದರೂ ಮೇಷ್ಟ್ರು, ಹೆದರಿಕೆಯನ್ನು ಮಾತಿನಲ್ಲಿ ಮುಚ್ಚಿದೆ. "ಭಾವ, ರಜೆ ಮುಗಿದು ಶಾಲೆ ಶುರುವಾಗೋ ಹೊತ್ತಿಗೆ ನಾನು ಕ್ಲಾಸಿನಲ್ಲಿ ನಿಂತಿರಬೇಕು. ಒಂದು ವಾರ ಪಾಠ ಮಾಡಿ ತೋರಿಸಿ, ಆಗದಿದ್ದರೆ ಕಚೇರಿಯಲ್ಲಿ ಫೈಲು ನೋಡಿಕೊಂಡಿರಿ ಅಂದಿದ್ದಾರೆ ಮೇಲಿನವರು." ಕೆರೆಬಿಳಚಿ ದಾರಿಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವುದು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಫೈಲುಗಳ ನಡುವೆ ಕುರ್ಚಿ ಹಾಕಿ ಕೂರಿಸಿದರೆ ದಿನವಿಡೀ ಚಿಂತೆ ಮಾಡಲು ಸರ್ಕಾರವೇ ಸಂಬಳ ಕೊಟ್ಟ ಹಾಗಾಗುತ್ತದೆ!

ಭಾವ ಮೂರು ತಿಂಗಳು ನನ್ನನ್ನು ಹಿಂಡಿದರು. ಬಟ್ಟಲಿನ ಅಚ್ಚು ತೆಗೆದರು, ಕಾಲು ಕೂರಿಸಿದರು, ಎರಡು ಕಂಬಿಗಳ ನಡುವೆ ನಡೆಸಿದರು, ಕಂಬಿ ಬಿಡಿಸಿದರು. ಕೊನೆಗೆ ಒಂದು ದಿನ ಕೇಳಿದರು:

"ಶಾಲೇಲಿ ಕಾಲಿಗೆ ಏನು ಹಾಕ್ಕೊಂತೀಯ?"

"ಶೂ" ಎಂದೆ.

"ಕ್ಲಾಸಿನಾಗೂ?"

"ಹೂಂ, ಕ್ಲಾಸಿನಲ್ಲೂ."

ಸುಳ್ಳು! ನಮ್ಮ ಶಾಲೆಯಲ್ಲಿ ಚಪ್ಪಲಿ ಬಾಗಿಲಾಚೆ. ಮಕ್ಕಳು ನೆಲದ ಮೇಲೆ ಕೂತು ಕಲಿಯುವ ಕೋಣೆ, ಅವರೂ ಬಿಟ್ಟು ಬರಬೇಕು, ನಾನೂ ಬಿಟ್ಟು ಬರಬೇಕು. ಇಪ್ಪತ್ತು ವರ್ಷ ಹಾಗೇ ನಡೆದಿದೆ. ಹಾಗಿದ್ದೂ ಸುಳ್ಳು ಹೇಳಿದೆ. ಯಾಕೆಂದರೆ ಮಕ್ಕಳ ಎದುರು ಆ ರಬ್ಬರ್ ಪಾದ ಇಟ್ಟುಕೊಂಡು ನಿಲ್ಲುವುದನ್ನು ನೆನೆಸಿಕೊಂಡರೇ ಬೆವರು ಬರುತ್ತಿತ್ತು. ಹೆದರಿದರೆ? ನಕ್ಕರೆ? ಅಯ್ಯೋ ಪಾಪ ಅಂದರೆ? ಶೂ ಹಾಕಿ, ಪ್ಯಾಂಟು ಇಳಿಬಿಟ್ಟು, ಹೆಡ್ ಮೇಡಂ ಹತ್ತಿರ ವಿಶೇಷ ಅನುಮತಿ ಕೇಳಿದರಾಯಿತು ಎಂದುಕೊಂಡಿದ್ದೆ. ಎತ್ತರದ ಹಿಮ್ಮಡಿಯ ಮಿರಮಿರ ಮಿಂಚುವ ಕರಿ ಶೂ ಕೊಂಡೆ. ಭಾವ ಅದನ್ನು ತೊಡಿಸಿ, ಅದರ ಹಿಮ್ಮಡಿಯ ಎತ್ತರಕ್ಕೆ ಸರಿಯಾಗಿ ಪಾದ ಹೊಂದಿಸಿ ಸ್ಕ್ರೂ ಬಿಗಿದರು. "ಹಿಮ್ಮಡಿ ಬದಲಾದ್ರೆ ಎಲ್ಲಾ ಬದಲಾಗ್ತೈತೆ, ನೆನಪಿರಲಿ" ಎಂದರು. ನಾನು ತಲೆಯಾಡಿಸಿದೆ.

ಶಾಲೆಯ ಮೊದಲ ದಿನ. ಬಸ್ಸಿಳಿದು ನಾನೇ ನಡೆದೆ. ವರಾಂಡ ದಾಟಿದೆ. ಬಾಗಿಲ ಬಳಿ ಸಾಲಾಗಿ ಬಿಟ್ಟ ಪುಟ್ಟ ಪುಟ್ಟ ಚಪ್ಪಲಿಗಳು ಕಂಡವು. ಕಂಡದ್ದೇ ತಡ, ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಅನುಮತಿಯೂ ಮರೆತುಹೋಯಿತು, ಸುಳ್ಳೂ ಮರೆತುಹೋಯಿತು! ಗೋಡೆಗೆ ಆತುಕೊಂಡು ಶೂ ಎರಡನ್ನೂ ಕಳಚಿ, ಕಾಲ್ಚೀಲ ತುರುಕಿಟ್ಟು, ಗಂಭೀರವಾಗಿ ಒಳಗೆ ಹೋದೆ.

ಎರಡು ಹೆಜ್ಜೆ. ಹಿಂದಿನಿಂದ ಯಾರೋ ಕಾಲರ್ ಹಿಡಿದು ಎಳೆದ ಹಾಗಾಯಿತು. ಹಿಮ್ಮಡಿಯ ಎತ್ತರ ಹೋಗಿತ್ತಲ್ಲ, ಕಾಲು ನನ್ನನ್ನು ಹಿಂದಕ್ಕೆ ತಳ್ಳುತ್ತಿದೆ, ಸಮನೆಲವೇ ಏರಿನಂತಾಗಿದೆ. ಕರಿಹಲಗೆ ಹಿಡಿಯಲು ಹೋದೆ, ಅದು ಜಾರಿತು. ಮಕ್ಕಳ ಎದುರು, ನಮಸ್ತೇ ಸಾರ್ ಎಂದು ಅವರು ರಾಗ ಎಳೆಯುತ್ತಿರುವಾಗಲೇ, ದೊಪ್ಪೆಂದು ಕೂತೆ.

ಹೆಡ್ ಮೇಡಂ ಓಡಿ ಬಂದರು. ಒಳ್ಳೆಯ ಹೆಂಗಸು, ದನಿ ತಗ್ಗಿಸಿ ಕೇಳಿದರು: "ಸಾರ್, ಆಫೀಸಿಗೆ ಫೋನ್ ಮಾಡಿ ಹೇಳಿಬಿಡ್ಲಾ? ಯಾಕೆ ಸುಮ್ಮನೆ ತ್ರಾಸ..."

"ಇವತ್ತೊಂದು ದಿನ ಬಿಡಿ ಮೇಡಂ" ಎಂದೆ. ಮಾಡಿದ್ದು ಭಾವನಿಗೆ ಫೋನು. ಅವರು ಬರುವವರೆಗೆ ಪಾದವನ್ನು ಪ್ಯಾಂಟಿನ ಅಂಚಿನಲ್ಲಿ ಮರೆಮಾಡಿ ಕುರ್ಚಿಯಲ್ಲೇ ಕೂತು ಪಾಠ ಮಾಡಿದೆ.

ಮಧ್ಯಾಹ್ನದ ಬಿಸಿಯೂಟ ಮುಗಿಯುವ ಹೊತ್ತಿಗೆ ಬೈಕು ಬಂದು ನಿಂತಿತು. ಭಾವ ಬಾಗಿಲಲ್ಲಿ ನಿಂತು ನನ್ನನ್ನು ನೋಡಲಿಲ್ಲ, ಹೆಡ್ ಮೇಡಂ ಅವರನ್ನೂ ನೋಡಲಿಲ್ಲ. ಬಾಗಿಲಾಚೆಯ ಚಪ್ಪಲಿ ಸಾಲನ್ನೂ, ಅದರ ಕೊನೆಯಲ್ಲಿ ಮಿಂಚುತ್ತಿದ್ದ ನನ್ನ ಶೂಗಳನ್ನೂ ನೋಡಿದರು. ಅವರಿಗೆ ಬೇರೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ.

"ಮಕ್ಕಳು ಸುಳ್ಳು ಹೇಳಿದ್ರೆ ಏನು ಮಾಡ್ತೀಯ ಮೇಷ್ಟ್ರೇ?"

"ವರಾಂಡದ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ, ಭಾವ. ಈಗ ಹಾಗೆಲ್ಲ ನಿಲ್ಲಿಸೋ ಹಾಗಿಲ್ಲ."

"ನೀನು ನೆಲದ ಮೇಲೇ ನಿಲ್ಲಲ್ಲ, ಇನ್ನು ಬೆಂಚು! ಎತ್ತು ಪ್ಯಾಂಟು."

"ಮಕ್ಕಳಿದ್ದಾರೆ, ಭಾವ."

"ಇರಲಿ. ನಿನ್ನ ಕಾಲು ನಡಿಯಾದು ಈ ನೆಲದ ಮೇಲೆ, ಈ ಮಕ್ಕಳ ಮುಂದೆ. ನಾನು ಹೊಂದಿಸಾದೂ ಇಲ್ಲೇ."

ಎತ್ತಿದೆ. ಕಣ್ಣು ಮುಚ್ಚಿಕೊಂಡೇ ಎತ್ತಿದೆ. ಆಮೇಲೆ ಎರಡನೇ ತರಗತಿಯ ಒಬ್ಬಳು ದೊಡ್ಡ ದನಿಯಲ್ಲಿ ಸಂಭ್ರಮದಿಂದ ಸಾರಿದಳು: "ಸಾರ್ ಕಾಲಿಗೆ ಸ್ಕ್ರೂ ಐತೆ!" ಇಡೀ ತರಗತಿ ನನ್ನ ಸುತ್ತ ಮುತ್ತಿತು. ಹೆದರಿಕೆ? ಅಯ್ಯೋ ಪಾಪ? ಅವರಿಗೆ ಪುರುಸೊತ್ತೇ ಇರಲಿಲ್ಲ! ಮಳೆ ಬಂದ್ರೆ ತುಕ್ಕು ಹಿಡೀತೈತಾ ಸಾರ್? ಇರುವೆ ಕಚ್ಚಿದ್ರೆ? ಪ್ರತಿ ಸೋಮವಾರ ನನ್ನಿಂದ ಉಗುರು ತಪಾಸಣೆ ಮಾಡಿಸಿಕೊಂಡು ಬೈಸಿಕೊಳ್ಳುವವಳೊಬ್ಬಳು ರಬ್ಬರ್ ಪಾದದ ಬೆರಳು ಬಗ್ಗಿ ನೋಡಿ, "ಸಾರ್‌ಗೆ ಈ ಕಾಲಿಂದು ಉಗುರೇ ಬೆಳೆಯಲ್ಲ, ಆರಾಮ!" ಎಂದು ಹೊಟ್ಟೆಕಿಚ್ಚುಪಟ್ಟಳು. ಮೂರು ತಿಂಗಳಿನಿಂದ ನಾನು ಹೊತ್ತು ತಿರುಗಿದ ಚಿಂತೆಗೆ ಸಿಕ್ಕ ಮರ್ಯಾದೆ ಇಷ್ಟು.

ಭಾವ ಅಂಗಿ ಎತ್ತಿದರು, ಉಡಿದಾರದಿಂದ ಕೀ ಬಿಚ್ಚಿದರು, ಸ್ಕ್ರೂ ತಿರುಗಿಸಿ ಬರಿಗಾಲಿಗೆ ಸರಿಯಾಗಿ ಪಾದ ಕೂರಿಸಿದರು. "ಇನ್ನು ಮೇಲೆ ಹಿಮ್ಮಡಿ ಇಲ್ಲದ, ಅಡಿ ಸಮ ಇರೋ ಪಟ್ಟಿ ಚಪ್ಪಲಿ. ಹಾಕಿದ್ರೂ ಒಂದೇ, ಬಿಟ್ಟರೂ ಒಂದೇ." ನಿಂತೆ. ಕಾಲರ್ ಎಳೆಯುವವರು ಬಿಟ್ಟುಬಿಟ್ಟಿದ್ದರು.

"ಸರಿಯಾಯ್ತು, ಭಾವ."

"ನಿಂತಿದ್ದು ಸರಿಯಾಯ್ತು. ನಡಿಗೆ ಇನ್ನೂ ನಿನ್ನದಲ್ಲ."

ಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಬಿಚ್ಚಿದರೆ ನನ್ನ ಹಳೇ ಚಪ್ಪಲಿಗಳು! ಆಪರೇಷನ್ ಆದ ವಾರ, ನೋಡಲಾರದೆ ನನ್ನ ಹೆಂಡತಿ ಎಸೆಯಲು ಹೊರಟಿದ್ದ ಜೊತೆ.

"ಎಸೀಬೇಡಮ್ಮ ಅಂತ ಇಸ್ಕೊಂಡಿದ್ದೆ. ನಿನ್ನ ನಡಿಗೆದು ಉಳಿದಿರೋ ಕಾಗದಪತ್ರ ಅಂದ್ರೆ ಇದೊಂದೇ" ಎಂದು ಬಲಗಾಲಿನದನ್ನು ಮಗುಚಿ, ಹೊರಮಗ್ಗಲಿಗೆ ಸವೆದ ಹಿಮ್ಮಡಿಯ ಮೇಲೆ ಹೆಬ್ಬೆರಳು ಸವರುತ್ತ, ರಬ್ಬರ್ ಪಾದವನ್ನು ಇಷ್ಟೇ ಇಷ್ಟು ಹೊರಕ್ಕೆ ತಿರುಗಿಸಿದರು. "ಪುಸ್ತಕದ ಪ್ರಕಾರ ಇಷ್ಟು ತಿರುಗಿಸಬಾರದು. ಆದ್ರೆ ಪುಸ್ತಕ ಬರೆದೋನು ನಿನ್ನ ನೋಡಿಲ್ಲ. ಹೋಗು, ವರಾಂಡದ ಆ ತುದಿಯಿಂದ ಬಾ. ಮಕ್ಕಳೇ, ಯಾರೂ ಉಸಿರು ಬಿಡಂಗಿಲ್ಲ."

ಬಾಗಿಲಿಗೆ ಬೆನ್ನು ಹಾಕಿ, ಕರಿಹಲಗೆಗೆ ಮುಖ ಮಾಡಿ, ಮಕ್ಕಳ ನಡುವೆ ನೆಲದ ಮೇಲೆ ಕೂತರು. ನಾನು ನಡೆದು ಬಂದೆ.

"ಯಾರೋ ಬಂದ್ರು" ಎಂದರು ಭಾವ. ಮಕ್ಕಳು ಕಿಸಕ್ಕೆಂದರು. ಕೂರಿಸಿದರು, ಸ್ಕ್ರೂ ತಿರುಗಿಸಿದರು, ಮತ್ತೆ ಕಳಿಸಿದರು.

ಎರಡನೇ ಸಲ: "ಯಾರೋ ದೊಡ್ಡ ಸಾಹೇಬ್ರು ಇರಬೇಕು. ಹೆಜ್ಜೆ ಬಾಳ ಬಿಗಿ."

ಮೂರನೇ ಸಲ: "ಪರವಾಗಿಲ್ಲ. ನಮ್ಮ ನೆಂಟರ ಪೈಕಿ."

ನಾಲ್ಕನೇ ಸಲ ನಾನು ಹೊರಡುವಾಗ ಬಿಸಿಲು ವರಾಂಡಕ್ಕೆ ಬಂದಿತ್ತು, ಕಾಲು ನೋಯುತ್ತಿತ್ತು, ಬೇಸರವೂ ಆಗಿತ್ತು. ಹೆಜ್ಜೆ ಎಣಿಸುವುದನ್ನು ಬಿಟ್ಟು, ಬಿಸಿಯೂಟದ ಹುಳಿ ಇನ್ನೂ ಉಳಿದಿದೆಯೋ ಇಲ್ಲವೋ ಎಂದು ಚಿಂತಿಸುತ್ತ ನಡೆದು ಬಂದೆ. ಬಾಗಿಲು ತಲುಪಿದೆ. ಒಳಗೆ ಮಾತಿಲ್ಲ. ಭಾವನ ಬೆನ್ನು ಅಲುಗಲಿಲ್ಲ. ಇನ್ನೂ ಆಗಿಲ್ಲವೇನೋ ಎಂದು ಮತ್ತೆ ವರಾಂಡದ ತುದಿಗೆ ಹೊರಳಬೇಕು, ಅಷ್ಟರಲ್ಲಿ ಕರಿಹಲಗೆಯ ಕಡೆಯಿಂದ ದನಿ ಬಂತು:

"ಬಾ ಮೇಷ್ಟ್ರೇ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಈ ಸಲ ಬೀಳುವ ಭಯಕ್ಕಲ್ಲ.

ಭಾವ ಅಂಗಿ ಎತ್ತಿ ಉಡಿದಾರದಲ್ಲಿ ಕೀ ಹುಡುಕತೊಡಗಿದರು. ಎಡಕ್ಕೆ ಹುಡುಕಿದರು, ಬಲಕ್ಕೆ ಹುಡುಕಿದರು, ಚೀಲದಲ್ಲಿ ಹುಡುಕಿದರು, ಚಾಪೆ ಎತ್ತಿ ಹುಡುಕಿದರು. ಉಗುರಿನ ಹುಡುಗಿಗೆ ತಡೆಯಲಾಗಲಿಲ್ಲ.

"ಅಜ್ಜಾರೆ, ನಿಮ್ಮ ಕೈಯಾಗೇ ಐತಲ್ಲ!"

"ಹೌದೇನವ್ವಾ?" ಎಂದರು ಭಾವ. ಕೈ ನೋಡಿಕೊಂಡರು. ನನ್ನ ಪಾದ ನೋಡಿದರು. ತಲೆ ಎತ್ತಿ ನನ್ನ ಮುಖ ಮಾತ್ರ ನೋಡಲಿಲ್ಲ. ಇನ್ನು ನೋಡಬೇಕಾದ ಅಗತ್ಯವೂ ಅವರಿಗಿರಲಿಲ್ಲ.